ಗೇಟಿನ ಮುಂದೆ ಮೂವರು ಹಿರಿಯರು

ಗುರುವಾರ ಮಧ್ಯಾಹ್ನ ಕೋಲ್ಬಿ ತನ್ನ ಗ್ಯಾರೇಜಿನ ಬಾಗಿಲಲ್ಲಿ ನಿಂತು, ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತ, "ಯೋಚನೆ ಮಾಡಿ ತಿಳಿಸ್ತೀನಿ" ಎಂದ. ಅಸ್ನಕೆ ಆ ಮಾತನ್ನು ಅಂಗೈಯಲ್ಲಿ ಬೆಂಕಿ ಕಾಪಾಡಿಕೊಂಡು ಹೋಗುವವನಂತೆ ಬಸ್ಸಿನಲ್ಲಿ ಮನೆಯವರೆಗೆ ತಂದ.

ಅಮೆರಿಕದಲ್ಲಿ ಡೆನ್ವರಿನ ಪಕ್ಕದ ಅರೋರಾಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ಅಷ್ಟು ಮೆತ್ತಗೆ ಅವನ ಜೊತೆ ಯಾರೂ ಮಾತಾಡಿರಲಿಲ್ಲ. ಒಂದು ಗ್ಯಾರೇಜಿನವನು ಅಮೆರಿಕದ ಅನುಭವ ಇದೆಯೇ ಎಂದು ಕೇಳಿ ಕಳಿಸಿದ್ದ. ಬ್ರೇಕು ಹಿಡಿಯದ ಬಸ್ಸು ಅವನೂರಾದ ದೆಸ್ಸೆಯ ಇಳಿಜಾರಿನಲ್ಲಾದರೂ ಡೆನ್ವರಿನ ಇಳಿಜಾರಿನಲ್ಲಾದರೂ ಕೊಲ್ಲುವುದು ಮನುಷ್ಯರನ್ನೇ ತಾನೇ? ಅದಕ್ಕೆಂಥ ಅಮೆರಿಕದ ಅನುಭವ? ಇನ್ನೊಬ್ಬ ಇವನ ಹೆಸರು ನಾಲಿಗೆಗೆ ಹೊರಳದೆ, "ನಿನ್ನನ್ನ ನಿಕ್ ಅಂತ ಕರೀತೀನಿ" ಎಂದಿದ್ದ. ಆಮೇಲೆ ನಿಕ್‌ನನ್ನೂ ಕರೆಯಲಿಲ್ಲ. ಮತ್ತೊಂದು ಕಡೆ ಕೌಂಟರಿನ ಹಿಂದೆ ಕೂತಿದ್ದ ಹೆಂಗಸು, ಇವನು ಬಾಯಿ ತೆರೆಯುವ ಮೊದಲೇ, "ಕ್ಲೀನಿಂಗ್ ಕೆಲಸ ಯಾವುದೂ ಖಾಲಿ ಇಲ್ಲ" ಎಂದಿದ್ದಳು. ಅವನ ಕೈಯಲ್ಲಿ ಪೊರಕೆ ಇತ್ತೇ? ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದ. ಮುಖ ನೋಡಿದ ಕೂಡಲೇ ಅವಳಿಗೆ ಪೊರಕೆ ಕಂಡಿತು, ಅಷ್ಟೇ.

ದೆಸ್ಸೆಯಲ್ಲಿ ಅವನು ಹದಿನೇಳು ವರ್ಷ ಬಸ್ಸು ರಿಪೇರಿ ಮಾಡಿದವನು. ಇಲ್ಲಿ ವಿಮಾನ ನಿಲ್ದಾಣದ ಹತ್ತಿರ ಬಾಡಿಗೆ ಕಾರು ತೊಳೆಯುತ್ತಿದ್ದ. ಅದೂ ಏಜೆಂಟನ ಕೈಕೆಳಗೆ. ಕರೆದ ದಿನ ಕೆಲಸ, ಕರೆಯದ ದಿನ ಇಲ್ಲ. ಅಂಥ ಕೆಲಸವನ್ನು ಇಲ್ಲಿನ ಸರ್ಕಾರ ಕೆಲಸವೆಂದು ಒಪ್ಪುವುದಿಲ್ಲ. ಹೆಂಡತಿಯನ್ನು ಕರೆಸಿಕೊಳ್ಳಬೇಕಾದರೆ ಅವಳಿಗೆ ಅನ್ನ ಹಾಕುವಂಥ ಕಾಯಂ ಕೆಲಸ ತೋರಿಸಬೇಕು. ಯೆಶಿಯನ್ನು ಮದುವೆಯಾಗಿ, ಒಂದು ತಿಂಗಳು ಜೊತೆಗಿದ್ದು, ಅವಳನ್ನು ದೆಸ್ಸೆಯಲ್ಲೇ ಬಿಟ್ಟು ಬಂದವನು ಆಮೇಲೆ ಅವಳನ್ನು ಫೋನಿನ ಗಾಜಿನಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ. ಕೋಲ್ಬಿಯ ಕೆಲಸ ಸಿಕ್ಕರೆ ಯೆಶಿ ಬರುತ್ತಾಳೆ. ಸಿಗದಿದ್ದರೆ ಇಲ್ಲ. ಅವನ ತಲೆಯಲ್ಲಿದ್ದುದು ಇಷ್ಟೇ ಲೆಕ್ಕ.

ಕೋಲ್ಬಿಯದು ಶಾಲೆಯ ಬಸ್ಸು, ಲಾರಿ ರಿಪೇರಿ ಮಾಡುವ ಗ್ಯಾರೇಜು. ಅವತ್ತು ಅಲ್ಲಿ ಕೆಲಸಕ್ಕಿದ್ದವನೊಬ್ಬ, "ನಿಮ್ಮೂರಲ್ಲಿ ಬಸ್ ಇದೆಯೇನಯ್ಯಾ, ಒಂಟೆ ಮೇಲೆ ಹೋಗ್ತೀರಾ?" ಎಂದು ನಕ್ಕ. ಅಸ್ನಕೆಯೂ ನಕ್ಕ. ಕೆಲಸ ಕೇಳಲು ಬಂದವನು ಇನ್ನೇನು ಮಾಡಬೇಕು? ಕೋಲ್ಬಿ ನಗಲಿಲ್ಲ. ಬ್ರೇಕಿನ ಗಾಳಿ ಸೋರುತ್ತಿದ್ದ ಒಂದು ಬಸ್ಸು ತೋರಿಸಿ ನೋಡು ಎಂದ. ಅಸ್ನಕೆ ಅಡಿಗೆ ನುಸುಳಿ, ಸೋರುತ್ತಿದ್ದ ಪೈಪು ಬದಲಾಯಿಸಿ ಎದ್ದ. ಕೋಲ್ಬಿ ತಲೆಯಾಡಿಸಿದ. ಆಮೇಲೆ ಕೇಳಿದ:

"ನೀನೇ ಹೇಳು. ನೀನು ಒಳ್ಳೆ ಮೆಕ್ಯಾನಿಕ್ಕಾ? ನಿನ್ನನ್ನ ಯಾಕೆ ತಗೋಬೇಕು ನಾನು?"

ಅಸ್ನಕೆ ನೆಲ ನೋಡಿದ. ತನ್ನ ಬಾಯಿಂದ ತನ್ನನ್ನೇ ಹೊಗಳಿಕೊಳ್ಳುವವನನ್ನು ಅವನೂರಿನಲ್ಲಿ ಯಾರೂ ಪಕ್ಕಕ್ಕೆ ಕೂರಿಸಿಕೊಳ್ಳುವುದಿಲ್ಲ. "ಪರವಾಗಿಲ್ಲ ಸರ್. ಇನ್ನೂ ಕಲೀತಿದ್ದೀನಿ" ಎಂದ.

ಆಗಲೇ ಕೋಲ್ಬಿ ಯೋಚನೆ ಮಾಡಿ ತಿಳಿಸುತ್ತೇನೆ ಎಂದದ್ದು.

ಶನಿವಾರ ಬೆಳಿಗ್ಗೆ ಗಾಶೆ ಎಂಗಿಡಾ ಅವರ ಮಗಳ ಮನೆಯಲ್ಲಿ ಕಾಫಿಗೆ ಕೂತಾಗ ಅಸ್ನಕೆ ಇದನ್ನೆಲ್ಲ ಹೇಳಿದ. ದೊಡ್ಡವರನ್ನು ಗಾಶೆ ಎನ್ನುವುದು ಅವರ ಕಡೆಯ ರೂಢಿ. ಎಂಗಿಡಾ ಎಪ್ಪತ್ತು ದಾಟಿದವರು, ದೆಸ್ಸೆಯಲ್ಲಿ ಹೆಡ್‌ಮಾಸ್ತರರಾಗಿದ್ದವರು. ಯೆಶಿ ಓದಿದ್ದೂ ಅವರ ಶಾಲೆಯಲ್ಲೇ. ಅರೋರಾದಲ್ಲಿ ಅವರ ಕಡೆಯ ಜನರಲ್ಲಿ ಗಂಡ ಹೆಂಡಿರ ಜಗಳವಾಗಲಿ, ಅಂಗಡಿ ಪಾಲುದಾರರ ಜಗಳವಾಗಲಿ, ಹೆಣ್ಣು ಕೇಳುವುದಾಗಲಿ, ಮೊದಲು ಹೋಗುವುದು ಎಂಗಿಡಾ. ಅವರು ಹೋಗಿ ನಿಂತ ಮನೆಯಲ್ಲಿ ಇಲ್ಲ ಎಂದವರಿಲ್ಲ. ಅವರ ಪಕ್ಕದಲ್ಲಿ ಯಾವಾಗಲೂ ಹಾಜಿ ಯಿಮಾಮ್. ಒಬ್ಬರು ಇಗರ್ಜಿಗೆ, ಒಬ್ಬರು ಮಸೀದಿಗೆ. ಹಿರಿತನಕ್ಕೆ ಮಾತ್ರ ಜೋಡಿ. ಅವರೂರಿನಲ್ಲಿ ಹಾಗೆಯೇ.

"ಏನಂದ ಅಂದೆ? ಇನ್ನೊಂದ್ಸಲ ಹೇಳು" ಎಂದರು ಎಂಗಿಡಾ, ಬಟ್ಟಲು ಕೆಳಗಿಟ್ಟು.

"ಯೋಚನೆ ಮಾಡಿ ತಿಳಿಸ್ತೀನಿ ಅಂದ ಗಾಶೆ."

"ಇಲ್ಲ ಅನ್ನಲಿಲ್ಲ ತಾನೇ?"

"ಇಲ್ಲ ಅನ್ನಲಿಲ್ಲ."

ಎಂಗಿಡಾ ಹಾಜಿಯವರ ಮುಖ ನೋಡಿದರು. ಹಾಜಿ ಗಡ್ಡ ನೀವಿಕೊಂಡು ನಕ್ಕರು. "ಮನಸ್ಸಿದೆ ಅವನಿಗೆ" ಎಂದರು.

ಅವರೂರಿನಲ್ಲಿ ಹೆಣ್ಣು ಕೇಳಲು ಹೋದಾಗ ಹುಡುಗಿಯ ಅಪ್ಪ ಮೊದಲ ಸಲಕ್ಕೇ ಹೂಂ ಎಂದರೆ ಅವನು ಮಗಳನ್ನು ಹೊರದಬ್ಬಲು ಕಾಯುತ್ತಿದ್ದ ಎಂದು ಊರು ಆಡಿಕೊಳ್ಳುತ್ತದೆ. ಹಾಗಾಗಿ ಒಪ್ಪಿಗೆ ಇದ್ದವನೇ ಯೋಚನೆ ಮಾಡುತ್ತೇನೆ, ನಮ್ಮವರನ್ನು ಕೇಳುತ್ತೇನೆ ಎನ್ನುವುದು. ಅದರರ್ಥ, ಹಿರಿಯರನ್ನು ಕಳಿಸಿ ಮರ್ಯಾದೆಯಿಂದ ಕೇಳಿ ಎಂದು. ಬೇಡವಾದವನು ಮುಖಕ್ಕೇ ಬೇಡ ಎನ್ನುತ್ತಾನೆ, ಬಾಗಿಲು ಹಾಕಿಕೊಳ್ಳುತ್ತಾನೆ.

"ಅಲ್ವೋ, ನೀನು ಒಳ್ಳೆಯವನಾ ಅಂತ ನಿನ್ನನ್ನೇ ಕೇಳಿದನಾ?" ಎಂದರು ಎಂಗಿಡಾ. "ಅದನ್ನ ನೀನು ಹೇಗೆ ಹೇಳ್ತೀಯ? ನಿನಗೆ ಹಿಂದೆ ಮುಂದೆ ಯಾರೂ ಇಲ್ಲ ಅಂದ್ಕೊಂಡಿರ್ತಾನೆ ಪಾಪ. ನಾವು ಹೋಗಿ ಹೇಳ್ಬೇಕು. ತಪ್ಪು ನಮ್ಮದು. ಒಬ್ಬನನ್ನೇ ಕಳಿಸಿದ್ವಿ ನಿನ್ನನ್ನ."

ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದ ಬಾಯು ಕಾಫಿ ಕುಡಿಯುವುದನ್ನು ನಿಲ್ಲಿಸಿದ. ಬಾಯು ಅಸ್ನಕೆಯ ಜೊತೆ ಒಂದೇ ರೂಮಿನಲ್ಲಿದ್ದವನು. ಚಿಕ್ಕವನಿದ್ದಾಗಲೇ ಬಂದು ಇಲ್ಲೇ ಓದಿದವನು.

"ಗಾಶೆ, ಕೆಲಸ ಕೇಳೋಕೆ ಹೋಗ್ತೀರೋ, ಅವನ ಮಗಳನ್ನ ಕೇಳೋಕೆ ಹೋಗ್ತೀರೋ?"

"ಮಗಳಿದ್ರೆ ನಿನಗೇ ಕೇಳ್ತೀವಿ ಬಿಡು" ಎಂದರು ಹಾಜಿ. "ಇನ್ನೊಂದು ವರ್ಷ ಹೋದ್ರೆ ನಿನ್ನ ತಲೆ ನೋಡಿ ಯಾರೂ ಕೊಡಲ್ಲ. ಆಗಲೇ ಗದ್ದೆ ಕುಯ್ದ ಹಾಗಾಗಿದೆ."

ಎಲ್ಲರೂ ನಕ್ಕರು. ಬಾಯು ನಗಲಿಲ್ಲ. "ಹಾಜಿ, ಈ ಊರಲ್ಲಿ ಯಾರ ಮನೆಗೂ ಹೇಳದೆ ಕೇಳದೆ ಹೋಗಬಾರದು. ನಿಮಗೆ ಗೊತ್ತಾಗಲ್ಲ. ತಿಳಿಸ್ತೀನಿ ಅಂದ್ರೆ ತಿಳಿಸಲ್ಲ ಅಂತ ಅರ್ಥ."

"ಹಾಗಂದ್ರೆ ಸುಳ್ಳು ಹೇಳಿದ ಅಂತಾಯ್ತು" ಎಂದರು ಎಂಗಿಡಾ. "ಅವನನ್ನ ನೀನು ನೋಡಿದೀಯಾ? ಇಲ್ಲ. ನೋಡದವನನ್ನ ಸುಳ್ಳುಗಾರ ಅನ್ಬೇಡ."

ಬಾಯು ಅಸ್ನಕೆಯ ಕಡೆ ತಿರುಗಿದ. "ನೀನಾದ್ರೂ ಹೇಳೋ."

ಅಸ್ನಕೆ ಹೇಳಬೇಕಿತ್ತು. ನಾಲ್ಕು ವರ್ಷ ಈ ಊರಿನ ಬಸ್ಸು ಹತ್ತಿ ಇಳಿದವನಿಗೆ ಅಷ್ಟೂ ತಿಳಿಯದೇ? ತಿಳಿದಿತ್ತು. ಆದರೆ ತಂದೆಯಿಲ್ಲದ ತನ್ನ ಪರವಾಗಿ ಇಬ್ಬರು ಮುದುಕರು ಮಂಡಿ ನೋವು ಮರೆತು ಎದ್ದು ನಿಂತಿದ್ದಾರೆ. ಬೇಡ ಎಂದು ಹೇಗೆ ಹೇಳುವುದು? ಅದೂ ಅಲ್ಲದೆ, ಯಾರಿಗೆ ಗೊತ್ತು, ಎಂಗಿಡಾ ನಿಂತ ಮೇಲೆ ಕೋಲ್ಬಿಯೂ ಮನುಷ್ಯನೇ ಅಲ್ಲವೇ ಎಂದು ಒಳಗೆ ಒಂದು ಆಸೆ ಬಾಲವಾಡಿಸುತ್ತಿತ್ತು. ಆ ದರಿದ್ರ ಆಸೆಯೇ ಅವನ ಬಾಯಿ ಕಟ್ಟಿತು.

"ಮನೆ ಗ್ಯಾರೇಜಿನ ಹಿಂದೇನೇ ಇದೆ ಗಾಶೆ" ಎಂದ.

ಅಲ್ಲಿಂದಲೇ ಯೆಶಿಗೆ ಫೋನು ಮಾಡಿದ. ದೆಸ್ಸೆಯಲ್ಲಿ ಆಗ ರಾತ್ರಿ ಊಟದ ಹೊತ್ತು.

"ಮಾಸ್ತರರೇ ಹೋಗ್ತಾರಾ?" ಎಂದಳು. ಅವಳ ದನಿ ಒಂದು ಮೆಟ್ಟಿಲು ಮೇಲೇರಿತು. "ಅಸ್ನಕೆ, ಅವರು ನಮ್ಮ ಕ್ಲಾಸಿಗೆ ಬಂದ್ರೆ ನೊಣ ಹಾರ್ತಿರಲಿಲ್ಲ ಗೊತ್ತಾ? ಅವರು ನಿಂತ ಮೇಲೆ ಇನ್ನೇನು. ನಾಳೆ ನಾನು ಅಕ್ಕಪಕ್ಕದವರನ್ನೆಲ್ಲ ಕರೀತೀನಿ."

"ಈಗಲೇ ಬೇಡ ಯೆಶಿ. ಆಗಲಿ, ಆಮೇಲೆ ಕರಿ."

"ನೀನು ಸುಮ್ನಿರು. ನಿನಗೆ ಯಾವಾಗ್ಲೂ ಅನುಮಾನ. ಮದುವೆ ದಿನಾನೂ ಶೂ ಕಚ್ಚುತ್ತೆ ಅಂತ ಮುಖ ಊದಿಸ್ಕೊಂಡಿದ್ದೋನು ನೀನು."

ಭಾನುವಾರ ಬೆಳಿಗ್ಗೆ ನೆಲದ ಮೇಲೆ ತೆಳ್ಳಗೆ ಹಿಮ ಬಿದ್ದಿತ್ತು. ಕೇಳಲು ಹೋಗುವವರು ಮೂವರಿರಬೇಕು; ಮೂರನೆಯ ಹಿರಿಯನಾಗಿ, ಅವರಿಬ್ಬರಿಗಿಂತ ಚಿಕ್ಕವನಾದ, ಟ್ಯಾಕ್ಸಿ ಓಡಿಸುವ ಲಾಕೌ ಬಂದ. ಕಾರೂ ಅವನದೇ. ಮೂವರೂ ಸೂಟಿನ ಮೇಲೆ ಗಾಬಿ ಹೊದ್ದಿದ್ದರು. ದಪ್ಪ ಬಿಳಿ ಹೊದಿಕೆ, ಒಗೆದು ಗಂಜಿ ಹಾಕಿದ್ದು. ಹಾಜಿಯವರ ಕೈಯಲ್ಲಿ ಊರುಗೋಲು. ಯಾರಿಗಾಗಿ ಕೇಳುತ್ತಾರೋ ಅವನು ಆ ಮನೆಯ ಮುಂದೆ ಮುಖ ತೋರಿಸಬಾರದು. ಹಾಗಾಗಿ ಲಾಕೌ ಬೀದಿಯ ತಿರುವಿನಲ್ಲಿ ಕಾರು ನಿಲ್ಲಿಸಿ ಅಸ್ನಕೆಯನ್ನು ಅದರಲ್ಲೇ ಕೂರಿಸಿದ.

"ನಾವು ಕೈ ಬೀಸೋವರೆಗೂ ಇಳೀಬೇಡ" ಎಂದರು ಎಂಗಿಡಾ. "ಅವನು ಕೂತ್ಕೊಳ್ಳಿ ಅಂತಾನೆ. ನಾವು ಕೂರಲ್ಲ. ಹೂಂ ಅಂದ ಮೇಲೇ ಕೂರೋದು. ಸ್ವಲ್ಪ ಹೊತ್ತಾಗಬಹುದು. ಹೆದರ್ಕೋಬೇಡ."

ಅಸ್ನಕೆ ಗಾಜಿನೊಳಗಿಂದ ನೋಡಿದ. ಎಂಗಿಡಾ ಹೋಗಿ ಬಾಗಿಲು ತಟ್ಟಿದರು. ತಟ್ಟಿ, ಹಿಂದೆ ಬಂದು, ಗೇಟಿನ ಹೊರಗೆ ನಿಂತರು. ಮನೆಯವರಿಗೆ ಸಮಯ ಕೊಡಬೇಕಲ್ಲ. ಕಿಟಕಿಯ ಪರದೆ ಅಲ್ಲಾಡಿತು. ಒಬ್ಬ ಹೆಂಗಸಿನ ಮುಖ ಕಂಡಿತು. ಎಂಗಿಡಾ ಗಾಬಿಯನ್ನು ಹೆಗಲಿಂದ ಕೆಳಗಿಳಿಸಿ ಸೊಂಟದವರೆಗೆ ಬಾಗಿದರು. ಹಾಜಿ, ಲಾಕೌ ಇಬ್ಬರೂ ಬಾಗಿದರು. ಪರದೆ ಮುಚ್ಚಿಕೊಂಡಿತು.

ಅವರು ನಿಂತೇ ಇದ್ದರು. ಎದುರು ಮನೆಯವನೊಬ್ಬ ನಾಯಿ ಹಿಡಿದುಕೊಂಡು ಹೊರಗೆ ಬಂದ, ನಿಂತು ನೋಡಿದ, ನಾಯಿಯನ್ನು ಎಳೆದುಕೊಂಡು ಒಳಗೆ ಹೋದ. ಗೇಟಿನ ಮುಂದೆ ಮೂವರು ಹಿರಿಯರು, ಮೈತುಂಬ ಬಿಳಿ ಬಟ್ಟೆ, ಸದ್ದಿಲ್ಲ, ಗದ್ದಲವಿಲ್ಲ. ಅದು ಮರ್ಯಾದೆ ಎಂದು ದೆಸ್ಸೆಯಲ್ಲಿ ಮೂರು ವರ್ಷದ ಮಗುವಿಗೂ ಗೊತ್ತಾಗುತ್ತದೆ. ಆ ಬೀದಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಪೊಲೀಸರ ಕಾರು ಎರಡು ಬಂದವು. ಅಸ್ನಕೆಯನ್ನು ದಾಟಿಕೊಂಡೇ ಹೋದವು. ಅವನ ಕೈ ಬಾಗಿಲ ಹಿಡಿಗೆ ಹೋಯಿತು.

ಕೈ ಮೇಲೆತ್ತಿ ಎಂದು ಪೊಲೀಸರು ಕೂಗಿದರು. ಎಂಗಿಡಾ ಎತ್ತಿದರು, ಲಾಕೌ ಎತ್ತಿದ. ಹಾಜಿಯವರಿಗೆ ಕಿವಿ ಮಂದ, ಹತ್ತಿರದ ಮಾತಷ್ಟೇ ಕೇಳುತ್ತದೆ. ಏನಂತೆ ಎಂದು ಎಂಗಿಡಾರ ಕಡೆ ತಿರುಗಿದರು, ಕೋಲು ಕೈಯಲ್ಲೇ ಇತ್ತು. ಎಂಬತ್ತರ ಹತ್ತಿರದ ಮುದುಕನ ಊರುಗೋಲು ಆ ಬಂದೂಕಿನವರ ಕಣ್ಣಿಗೆ ಏನಾಗಿ ಕಂಡಿತೋ, ಇನ್ನೂ ಜೋರಾಗಿ ಕೂಗಿದರು. ಅಸ್ನಕೆ ಬಾಗಿಲು ತೆಗೆದು, ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಓಡಿದ. ಮುಖ ತೋರಿಸಬಾರದೆಂಬುದನ್ನು ಮರೆತೇಬಿಟ್ಟ.

"ಕಿವಿ ಕೇಳಲ್ಲ ಅವರಿಗೆ. ಕಿವಿ ಕೇಳಲ್ಲ ಸರ್."

"ಕೂತ್ಕೊ ಕೆಳಗೆ. ನೀನೂ. ಎಲ್ಲರೂ ಕೂತ್ಕೊಳ್ಳಿ."

ಅಸ್ನಕೆ ರಸ್ತೆಯಂಚಿನಲ್ಲಿ ಕೂತ. ಹಾಜಿಯವರನ್ನು ಕೈ ಹಿಡಿದು ಕೂರಿಸಿದ. ಲಾಕೌ ಕೂತ. ಎಂಗಿಡಾ ಕೂರಲಿಲ್ಲ. ಕೈ ಮೇಲಿತ್ತು, ಬೆನ್ನು ನೆಟ್ಟಗಿತ್ತು. ಶಾಲೆಯಲ್ಲಿ ಕಲಿಸುತ್ತಿದ್ದ ಇಂಗ್ಲಿಷಿನಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದರು.

"ಸ್ವಾಮಿ, ನಾವು ಈ ಮನೆಯ ಯಜಮಾನರನ್ನ ಒಂದು ಮಾತು ಕೇಳೋಕೆ ಬಂದಿದ್ದೀವಿ. ಅವರು ಉತ್ತರ ಕೊಡೋವರೆಗೂ ನಾನು ಕೂರೋ ಹಾಗಿಲ್ಲ."

"ಕೂತ್ಕೊ ಅಂದೆ."

"ಕ್ಷಮಿಸಿ. ಕೂರೋ ಹಾಗಿಲ್ಲ."

ಪೊಲೀಸಿನವನು ಹುಡುಗ, ಅವರ ಮೊಮ್ಮಗನ ವಯಸ್ಸು. ಅವರ ಹೆಗಲ ಮೇಲೆ ಕೈಯಿಟ್ಟು ಒತ್ತಿದ. ಜೋರಾಗಿಯೇನೂ ಅಲ್ಲ. ಅಷ್ಟಕ್ಕೇ ಮುದುಕರ ಮಂಡಿ ಮಡಚಿತು. ಕೆಸರಾಗಿದ್ದ ಹಿಮದಲ್ಲಿ ಗಾಬಿ ಸಮೇತ ಕೂತುಬಿಟ್ಟರು. ಅಸ್ನಕೆ ಮುಖ ತಿರುಗಿಸಿಕೊಂಡ. ಅದನ್ನು ನೋಡಬಾರದಿತ್ತು.

ಆಗ ಕೋಲ್ಬಿಯ ಪಿಕಪ್ ಬಂತು. ಹೆಂಡತಿ ಅವನಿಗೂ ಫೋನು ಮಾಡಿದ್ದಳೆಂದು ಕಾಣುತ್ತದೆ. ಇಳಿದವನು ಮೊದಲು ಮನೆಯೊಳಗೆ ಓಡಿದ. ಆಮೇಲೆ ಬಂದು ಪೊಲೀಸರ ಹತ್ತಿರ ಮಾತಾಡಿದ. ಆಮೇಲೆ ಕೆಳಗೆ ಕೂತಿದ್ದವರ ಕಡೆ ನೋಡಿದ. ಅಸ್ನಕೆಯ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು.

"ನೀನಾ? ಬಸ್ಸಿನವನು?"

"ಹೌದು ಸರ್."

"ಇವರನ್ನ ನೀನು ಕಳಿಸಿದ್ದಾ? ನಮ್ಮನೆಗೆ? ನನ್ನ ಹೆಂಡತಿ ಬಾತ್‌ರೂಮಲ್ಲಿ ಚಿಲಕ ಹಾಕ್ಕೊಂಡು ಕೂತಿದ್ಲು ಕಣಯ್ಯಾ."

"ಸರ್, ಇವರು ನಮ್ಮ ಹಿರಿಯರು. ನಾನು ಒಳ್ಳೆಯವನು ಅಂತ ನಿಮಗೆ ಹೇಳೋಕೆ ಬಂದ್ರು. ನಮ್ಮಲ್ಲಿ ಹಾಗೆ. ನಾವೇ ಹೇಳ್ಕೊಳ್ಳೋದಿಲ್ಲ."

ಕೋಲ್ಬಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಹಿಮ ನೋಡಿದ. "ನಾನು ಗುರುವಾರವೇ ಕೇಳಿದೆನಲ್ಲ ನಿನ್ನನ್ನ. ಇನ್ನೂ ಕಲೀತಿದ್ದೀನಿ ಅಂದೆ. ನನಗೆ ಹೇಗೆ ಗೊತ್ತಾಗ್ಬೇಕು?"

ಪೊಲೀಸರು ಏಳಿ ಎಂದರು. ಅಸ್ನಕೆ ಎಂಗಿಡಾರ ಕಂಕುಳಿಗೆ ಕೈಹಾಕಿ ಎತ್ತಿದ. ಅವರ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೋಲ್ಬಿ ಅಸ್ನಕೆಯನ್ನು ಎರಡು ಹೆಜ್ಜೆ ಪಕ್ಕಕ್ಕೆ ಕರೆದ.

"ನೋಡು, ಕಾಯೋದು ಬೇಡ ನೀನು. ಶುಕ್ರವಾರವೇ ಒಬ್ಬ ಹುಡುಗನನ್ನ ತಗೊಂಡೆ. ನಿನ್ನಷ್ಟು ಕೆಲಸ ಬರಲ್ಲ ಅವನಿಗೆ, ಅದು ನಿಜ. ಆದ್ರೆ ಬಸ್ಸಿನವರು ಬಂದು ಮಾತಾಡ್ತಾರೆ, ಅವರಿಗೆ ಅರ್ಥ ಆಗ್ಬೇಕು. ಅವರಿಗೆ ನೋಡಿ ಅಭ್ಯಾಸ ಇರೋ ಥರದವನು ಬೇಕು. ನನ್ನ ಮಾತಲ್ಲ ಇದು. ಗಿರಾಕಿಗಳು ಹಾಗೆ."

ಗಿರಾಕಿಗಳು ಹಾಗೆ. ಈ ದೇಶದಲ್ಲಿ ಯಾವ ಬಾಗಿಲಿಗೆ ಹೋದರೂ ಬಾಗಿಲು ಮುಚ್ಚುವವನು ಒಳ್ಳೆಯವನೇ. ಮುಚ್ಚಿಸುವವನು ಇನ್ನೆಲ್ಲೋ ಇರುತ್ತಾನೆ, ಅವನು ಯಾವತ್ತೂ ಕೈಗೆ ಸಿಗುವುದಿಲ್ಲ. ಅಸ್ನಕೆಗೆ ಆ ಕೆಂಪು ಮುಖಕ್ಕೆ ಎರಡು ಬಿಗಿಯಬೇಕೆನಿಸಿತು. "ಥ್ಯಾಂಕ್ಯೂ ಸರ್" ಎಂದ.

ಕಾರಿನಲ್ಲಿ ಹಾಜಿ ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದರು. ದೊಡ್ಡ ರಸ್ತೆಗೆ ಬಂದ ಮೇಲೆ ಎಂಗಿಡಾ ಕೇಳಿದರು:

"ನಾನು ಕೂತುಬಿಟ್ಟೆ. ಅದಕ್ಕೇ ಹೋಯ್ತಾ ಮಗಾ?"

ಅಸ್ನಕೆ ಹೌದೆನ್ನುವ ಹಾಗಿರಲಿಲ್ಲ. ಇಲ್ಲವೆಂದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ, ಯಾವತ್ತೋ ಮುಚ್ಚಿಹೋದ ಬಾಗಿಲ ಮುಂದೆ ಇಷ್ಟು ಹೊತ್ತು ಬಾಗಿ ನಿಂತಿದ್ದಿರಿ ಎಂದು ಹೇಳಿದಂತೆ. ಯಾವುದು ಕಡಿಮೆ ಚುಚ್ಚುತ್ತದೋ ಅವನಿಗೆ ತಿಳಿಯಲಿಲ್ಲ.

"ಇಲ್ಲ ಗಾಶೆ. ಶುಕ್ರವಾರವೇ ಬೇರೆಯವನಿಗೆ ಕೊಟ್ಟಿದ್ದನಂತೆ."

"ಮತ್ತೆ ಯೋಚನೆ ಮಾಡ್ತೀನಿ ಅಂದಿದ್ದು?"

"ಇಲ್ಲಿ ಹಾಗೇ ಹೇಳ್ತಾರೆ."

"ಇಲ್ಲ ಅನ್ನೋಕೆ ಇಷ್ಟು ಹೆದರಿಕೆಯಾ ಈ ಜನಕ್ಕೆ" ಎಂದರು ಎಂಗಿಡಾ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಮನೆ ಬಂದಾಗ ಅವರು ಕೆಸರಾದ ಗಾಬಿಯನ್ನು ಮಡಚಿ, ಕೊಳೆ ಒಳಗಾಗುವಂತೆ ಕಂಕುಳಲ್ಲಿಟ್ಟುಕೊಂಡು, ಮಗಳಿಗೆ ಕಾಣದಂತೆ ಒಳಗೆ ಹೋದರು.

ಅಸ್ನಕೆ ರೂಮಿಗೆ ಬಂದಾಗ ಬಾಯು ಮುಖ ನೋಡಿದ. ಒಲೆಯ ಮೇಲೆ ನೀರಿಟ್ಟು ಹೊರಗೆ ಹೋದ.

ಫೋನು ಆಗಲೇ ಬಡಿದುಕೊಳ್ಳುತ್ತಿತ್ತು. ತೆಗೆದ ಕೂಡಲೇ ಹೆಂಗಸರ ಮಾತು, ಬಟ್ಟಲುಗಳ ಸದ್ದು ಕೇಳಿದವು. ಹೊಸದಾಗಿ ಕಾಫಿ ಹುರಿದಿರಬೇಕು. ಯಾರೋ ಎಲ್ಲರನ್ನೂ ಸುಮ್ಮನಿರಿಸಿದರು.

"ಹೇಳು" ಎಂದಳು ಯೆಶಿ. "ಎಲ್ಲರೂ ಇಲ್ಲೇ ಇದ್ದಾರೆ."

"ನೀನು ಒಂದು ಸಲ ಹೊರಗೆ ಬಾ ಯೆಶಿ."

ಅವಳ ಚಪ್ಪಲಿ ಸದ್ದು, ಬಾಗಿಲು ಸರಿದ ಸದ್ದು. ಆಮೇಲೆ ಬರೀ ಅವಳ ಉಸಿರು. ಅಸ್ನಕೆ ಹೇಳಿದ. ಪೊಲೀಸರದನ್ನು ಬಿಟ್ಟು ಹೇಳಬೇಕೆಂದುಕೊಂಡಿದ್ದ. ಆಗಲಿಲ್ಲ. ನಾಲ್ಕು ವರ್ಷದಿಂದ ಬಿಟ್ಟು ಬಿಟ್ಟು ಹೇಳಿ ಸಾಕಾಗಿತ್ತು. ಕಾರು ತೊಳೆಯುವುದನ್ನೂ ಅವಳಿಗೆ ಬೇರೆ ಏನೋ ಹೆಸರಿನಲ್ಲಿ ಹೇಳಿದ್ದ. ಅವತ್ತು ಅದನ್ನೂ ಹೇಳಿದ.

"ಮಾಸ್ತರರನ್ನ ರಸ್ತೆ ಮೇಲೆ ಕೂರಿಸಿದ್ರಾ?" ಎಂದಳು ಯೆಶಿ. ಕೆಲಸದ ಮಾತೇ ಎತ್ತಲಿಲ್ಲ.

"ಹೂಂ."

"ಹೆಗಲ ಮೇಲೆ ಕೈ ಇಟ್ಟು?"

"ಹೂಂ."

ಅವಳು ಅಳುತ್ತಿದ್ದಳೋ ಇಲ್ಲವೋ ತಿಳಿಯಲಿಲ್ಲ. ಮಾತಾಡಿದಾಗ ದನಿ ನೆಟ್ಟಗಿತ್ತು. "ನನ್ನನ್ನ ಅಲ್ಲಿಗೆ ಕರೆಸಬೇಡ ಅಸ್ನಕೆ. ಅಂಥವರನ್ನೇ ಹಾಗೆ ಮಾಡಿದ ಮೇಲೆ ನಾನು ಯಾರು ಅಲ್ಲಿ? ನೀನೇ ಬಂದುಬಿಡು."

ಅವನು ಬರುವ ಹಾಗಿರಲಿಲ್ಲ. ಅವಳಿಗೂ ಗೊತ್ತಿತ್ತು. ಅವನು ಕಳಿಸುವ ಹಣದ ಮೇಲೆ ಅವಳ ಮನೆ, ಅವನ ತಾಯಿಯ ಔಷಧ, ತಮ್ಮಂದಿರಿಬ್ಬರ ಓದು ಎಲ್ಲ ನಿಂತಿತ್ತು. ಬಂದರೆ ಅವರೆಲ್ಲ ಬೀದಿಗೆ. ಬಾರದಿದ್ದರೆ ಇವರಿಬ್ಬರು ಹೀಗೇ.

ಒಳಗಿನಿಂದ ಯಾರೋ ಕೂಗಿದರು. "ಏನಾಯ್ತೇ ಯೆಶೀ? ಗಂಡನ ಜೊತೆ ಸರಸ ಆಮೇಲಾಡು, ಕಾಫಿ ಆರ್ತಾ ಇದೆ."

"ಇವರಿಗೆಲ್ಲ ಏನು ಹೇಳಲಿ?" ಎಂದಳು ಯೆಶಿ, ಮೆಲ್ಲಗೆ.

"ನಿಜ ಹೇಳು."

"ಮಾಸ್ತರರ ಕೈಲಿ ಓದಿದವರು ಐದು ಜನ ಇದ್ದಾರೆ ಒಳಗೆ" ಎಂದಳು.

ಫೋನು ಕೆಳಗಿಟ್ಟಳೋ, ಕೈಯಲ್ಲೇ ಮರೆತಳೋ, ಕರೆ ಮಾತ್ರ ಕಡಿಯಲಿಲ್ಲ. ಬಾಗಿಲು ಸರಿಯಿತು. ಹೆಂಗಸರ ಗುಜುಗುಜು ಹತ್ತಿರ ಬಂದು ನಿಂತಿತು.

"ಒಪ್ಪಿದನಂತೆ" ಎಂದಳು ಯೆಶಿ, ಎಲ್ಲರಿಗೂ ಕೇಳುವ ಹಾಗೆ. "ಮಾಸ್ತರರು ಹೋಗಿ ನಿಂತಿದ್ದೇ ತಡ, ಒಪ್ಪಿದನಂತೆ."

ಹೆಂಗಸರೆಲ್ಲ ಒಟ್ಟಿಗೆ ನಾಲಿಗೆ ಹೊರಳಿಸಿ ಇಲಿಲಿಲಿಲಿ ಎಂದು ಸಂಭ್ರಮದ ಕೂಗು ಹಾಕಿದರು. ಒಂದು ಕೂಗು ಮುಗಿಯುವಷ್ಟರಲ್ಲಿ ಇನ್ನೊಂದು ಎದ್ದಿತು. ಅಷ್ಟೂ ದನಿಗಳಲ್ಲಿ ಯೆಶಿಯದು ಯಾವುದೆಂದು ಹುಡುಕುತ್ತ ಅಸ್ನಕೆ ಫೋನನ್ನು ಕಿವಿಗೆ ಒತ್ತಿಕೊಂಡು ನಿಂತ.